ಭೂಮಿಯೊಳಗಿನ ಬಿಸಿ ಉಪ್ಪುನೀರಿನಿಂದ ಕರೆಂಟ್ ಜೊತೆಗೆ ಲಿಥಿಯಂ ತೆಗೆಯೋದು ಹೇಗೆ? ನಮ್ಮ ಮಲೆನಾಡಲ್ಲಿ ಆಗುತ್ತಾ?

ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸುವುದನ್ನು ನೋಡಿದ್ದೀರಲ್ವಾ? ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರನ್ನು ಸುಮ್ನೆ ಚೆಲ್ಲುವುದಿಲ್ಲ. ಅದೇ ಚೊಗರು, ಅಡಿಕೆಗೆ ಬಣ್ಣ ಕೊಡುವುದು ಅದೇ. ಇಲ್ಲೂ ಲೆಕ್ಕ ಹಾಗೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲ್ಟನ್ ಸೀ ಎಂಬ ಸರೋವರವಿದೆ. ಅದರ ದಡದಲ್ಲಿ 1980ರ ದಶಕದಿಂದಲೂ ಭೂಶಾಖದ ವಿದ್ಯುತ್ ಸ್ಥಾವರಗಳಿವೆ. ಆಳದ ಬಾವಿಗಳಿಂದ ಸುಮಾರು 300 ಡಿಗ್ರಿ ಬಿಸಿಯ ಉಪ್ಪುನೀರು ಮೇಲೆ ಬರುತ್ತದೆ. ಅದರ ಆವಿ ಟರ್ಬೈನ್ ತಿರುಗಿಸುತ್ತದೆ. ಉಳಿದ ನೀರನ್ನು ವಾಪಸ್ ಭೂಮಿಗೇ ಇಳಿಸುತ್ತಾರೆ. ಹಾಗೆ ಇಳಿಸುವ ಮೊದಲು ಅದರಲ್ಲಿರುವ ಲಿಥಿಯಂ, ಅಂದರೆ ಬ್ಯಾಟರಿಗೆ ಬೇಕಾಗುವ ಲೋಹ, ಹಿಡಿಯಬೇಕು. ಇರುವುದು ಲೀಟರಿಗೆ ಸುಮಾರು 200 ಮಿಲಿಗ್ರಾಂ ಅಷ್ಟೇ. ಲಿಥಿಯಂ ಅನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಸಣ್ಣ ಕಾಳುಗಳ ಮೂಲಕ ನೀರು ಹಾಯಿಸಿ, ಆಮೇಲೆ ಆ ಕಾಳುಗಳನ್ನು ತೊಳೆದು ತೆಗೆಯುವುದು ಉಪಾಯ. ಚಿಲಿಯ ಅಟಕಾಮಾದಲ್ಲಿ ಉಪ್ಪುನೀರನ್ನು ಬಿಸಿಲಿಗೆ ಬಿಟ್ಟು ವರ್ಷಕ್ಕೂ ಜಾಸ್ತಿ ಕಾಯುತ್ತಾರೆ. ಈ ದಾರಿಯಲ್ಲಿ ಕೆಲವು ಗಂಟೆ ಸಾಕು.

ನಿಜವಾದ ತಲೆನೋವು ನೀರಲ್ಲಿ ಕರಗಿರುವ ಸಿಲಿಕಾ, ಅಂದರೆ ಮರಳಿನಲ್ಲಿರುವ ಅದೇ ಖನಿಜ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಇಲ್ಲಿ ನೀರು ತಣಿದಂತೆ ಸಿಲಿಕಾ ಹಾಗೆ ಪೈಪಿನೊಳಗೆ ಕಲ್ಲಾಗುತ್ತದೆ. ಮೊದಲು ಅದನ್ನು ತೆಗೆಯದಿದ್ದರೆ ಕಾಳುಗಳೂ ಹಾಳು. ಖರ್ಚು ಏರುವುದು ಇಲ್ಲೇ.

ಮಲೆನಾಡಲ್ಲಿ ಇದು ಆಗದು. ನಮ್ಮ ಕಾಲಡಿಯ ಬಂಡೆ 250 ಕೋಟಿ ವರ್ಷಕ್ಕಿಂತ ಹಳೆಯದು, ಯಾವತ್ತೋ ತಣ್ಣಗಾಗಿದೆ. ಮಂಡ್ಯದ ಮಾರ್ಲಗಲ್ಲದಲ್ಲಿ ಸಿಕ್ಕಿರುವುದು ಕಲ್ಲಿನೊಳಗಿನ ಲಿಥಿಯಂ, ಅದನ್ನು ಗಣಿ ತೋಡಿಯೇ ತೆಗೆಯಬೇಕು. ಭೂಶಾಖಕ್ಕೆ ನಮ್ಮ ದೇಶದಲ್ಲಿ ನೋಡಬೇಕಾದ ಜಾಗ ಲಡಾಖಿನ ಪೂಗಾ ಕಣಿವೆ.