ಸ್ಪೀಕರ್ ಮೇಲಿನ ಸಾಸಿವೆ ಗುಡ್ಡೆಯಾಗುತ್ತದೆ, ಪಟ್ಟೆ ಮೂಡುತ್ತಿಲ್ಲ ಎಂದವರಿಗೆ

ಸರ, ವಿಜಯಪುರದ ಶಾಲಾ ಪ್ರದರ್ಶನಕ್ಕೆ ಸ್ಪೀಕರ್ ಮೇಲೆ ತಾಟು ಅಂಟಿಸಿ ಕುಲುಕಿದರೆ ಕಾಳಿನ ಪದರದಲ್ಲಿ ಏರು-ತಗ್ಗಿನ ಪಟ್ಟೆ ಮೂಡೋ ಬದಲು ಸಾಸಿವೆ ಒಂದೇ ಕಡೆ ಗುಡ್ಡೆ ಬೀಳುತ್ತದೆ ಅಂದಿರಲ್ಲ, ಮೊದಲು ತಾಟಿನ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೋಡ್ರಿ. ತುಸು ವಾಲಿದ್ದರೂ ಕಾಳು ಒಂದು ಕಡೆ ಸರೀತಾವ.

ಮಟ್ಟ ಸರಿಯಿದ್ದರೆ ಕುಲುಕಾಟ ಸಾಲುತ್ತಿಲ್ಲ. ತಾಟಿನ ಗರಿಷ್ಠ ವೇಗೋತ್ಕರ್ಷ (ವೇಗ ಬದಲಾಗೋ ದರ) ಗುರುತ್ವದ ವೇಗೋತ್ಕರ್ಷದ ಸುಮಾರು 2.5 ಪಟ್ಟು ದಾಟಿದ ಮೇಲೇ ಪಟ್ಟೆ, ಚೌಕಳಿ ಮೂಡೋದು. 25 ಹರ್ಟ್ಸ್‌ನಲ್ಲಿ, ಅಂದ್ರ ಸೆಕೆಂಡಿಗೆ 25 ಸಲ ಕುಲುಕುವಾಗ, 3 ಪಟ್ಟು ಬೇಕಾದರೆ ತಾಟು ಮೇಲಿಂದ ಕೆಳಕ್ಕೆ ಒಟ್ಟು 2.4 ಮಿ.ಮೀ. ಆಡಬೇಕು, ಅಂಚಿಗೆ ಗೆರೆ ಎಳೆದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಅಳೀರಿ. ಮೊಬೈಲ್‌ಗೆ ಜೋಡಿಸೋ ಪುಟ್ಟ ಸ್ಪೀಕರಿನಿಂದ ಇದು ಆಗೋ ಮಾತಲ್ಲ, ದೊಡ್ಡ ವೂಫರ್ (ತಗ್ಗು ದನಿಯ ಸ್ಪೀಕರ್), ಆಂಪ್ಲಿಫೈಯರ್ ಬೇಕು.

ಸಾಸಿವೆ ದಪ್ಪಾತು, ಗಸಗಸೆ ಹಾಕ್ರಿ, ಕಾಳಿನ ಪದರ 8 ಮಿ.ಮೀ. ಎತ್ತರ ಇದ್ದರೆ ಸಾಕು. ಪ್ಲಾಸ್ಟಿಕ್ ತಾಟು ಬೇಡ, ಸ್ಥಿರ ವಿದ್ಯುತ್ತಿಗೆ ಕಾಳು ಅಂಟ್ತಾವ. ಪ್ರತಿ ಕುಲುಕಿಗೂ ಏರು-ತಗ್ಗು ಅದಲುಬದಲಾಗುವುದರಿಂದ ಬರಿಗಣ್ಣಿಗೆ ವಿನ್ಯಾಸ ಮಸುಕು. ಮಕ್ಕಳಿಗೆ ಆ ಸ್ಲೋ ಮೋಷನ್ ವಿಡಿಯೊನೇ ತೋರಿಸ್ರಿ.