ಗರ್ಭ ಧರಿಸುವ ಮೊದಲು ಥೈರಾಯ್ಡ್ ಮಾತ್ರೆಯನ್ನು ನಿಲ್ಲಿಸಬೇಕೇ?
ಎರಡು ವರ್ಷಗಳಿಂದ ಹೈಪೋಥೈರಾಯ್ಡ್‌ಗಾಗಿ (ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದ ಸ್ಥಿತಿ) ದಿನಕ್ಕೆ 50 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿಯೂ, ಇತ್ತೀಚಿನ ಟಿಎಸ್‌ಎಚ್ (ಆ ಗ್ರಂಥಿಯನ್ನು ದುಡಿಸುವ ಹಾರ್ಮೋನು, ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಇದು ಏರುತ್ತದೆ) 3.8 ಬಂದಿರುವುದಾಗಿಯೂ, ಮಗುವಿಗೆ ತೊಂದರೆಯಾದೀತೆಂದು ಮಾತ್ರೆ ನಿಲ್ಲಿಸಲು ಆಪ್ತರೊಬ್ಬರು ಹೇಳುತ್ತಿರುವುದಾಗಿಯೂ ಬರೆದಿದ್ದೀರಿ. ನಾನು ವೈದ್ಯೆಯಲ್ಲ. ಇದೇ ತೊಂದರೆಯೊಂದಿಗೆ ಎರಡು ಸಲ ಗರ್ಭಿಣಿಯಾಗಿ, ಮೊದಲ ಸಲ ಮಾಡಿದ ತಪ್ಪನ್ನು ಎರಡನೆಯ ಸಲ ತಿದ್ದಿಕೊಂಡವಳು.

ದಯವಿಟ್ಟು ಮಾತ್ರೆಯನ್ನು ನಿಲ್ಲಿಸಬೇಡಿ. ನೀವು ನುಂಗುತ್ತಿರುವ ಲೆವೊಥೈರಾಕ್ಸಿನ್, ನಿಮ್ಮ ಗ್ರಂಥಿ ತಾನೇ ತಯಾರಿಸಬೇಕಿದ್ದ ಟಿ4 ಹಾರ್ಮೋನೇ ಆಗಿದೆ. ಮಗುವಿನ ಸ್ವಂತ ಗ್ರಂಥಿಯು ಸುಮಾರು 12ನೆಯ ವಾರದಲ್ಲಿ ಕೆಲಸಕ್ಕೆ ತೊಡಗಿದರೂ ಸಾಕಷ್ಟು ಹಾರ್ಮೋನು ಸ್ರವಿಸಲು ಗರ್ಭಾವಸ್ಥೆಯ ಅರ್ಧ ಅವಧಿಯೇ ಬೇಕಾಗುವುದರಿಂದ, ಅದುವರೆಗೆ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ರಕ್ತದಿಂದ ಬರುವ ಹಾರ್ಮೋನೇ ಆಧಾರ. ಹೀಗಾಗಿ ತೊಂದರೆಯಾಗುವುದು ಮಾತ್ರೆ ತೆಗೆದುಕೊಂಡರಲ್ಲ, ಅದು ಕಡಿಮೆಯಾದರೆ.

ಇನ್ನು 3.8ರ ವಿಚಾರ. ಪ್ರಯೋಗಾಲಯದ ವರದಿಯಲ್ಲಿ ಇದರ ಮುಂದೆ ಯಾವ ಎಚ್ಚರಿಕೆಯ ಗುರುತೂ ಇರಲಿಕ್ಕಿಲ್ಲ, ಏಕೆಂದರೆ ಅಲ್ಲಿ ಅಚ್ಚಾಗಿರುವ ಮಿತಿ ಎಲ್ಲ ವಯಸ್ಕರಿಗೂ ಅನ್ವಯಿಸುವಂಥದ್ದು. ಆದರೆ ಚಿಕಿತ್ಸೆಯಲ್ಲಿದ್ದುಕೊಂಡು ಮಗುವಿಗಾಗಿ ಪ್ರಯತ್ನಿಸುವವರ ಟಿಎಸ್‌ಎಚ್ 2.5ಕ್ಕಿಂತ ಕೆಳಗಿರಬೇಕೆಂದು ಅಮೆರಿಕದ ಥೈರಾಯ್ಡ್ ಸಂಘದ 2017ರ ಮಾರ್ಗಸೂಚಿ ಹೇಳುತ್ತದೆ. ಹೆದರುವ ಸಂಖ್ಯೆ ಇದಲ್ಲ. ವೈದ್ಯರು ಬಹುಶಃ ಡೋಸನ್ನು ಸ್ವಲ್ಪ ಏರಿಸಿ, ಆರು ವಾರಗಳ ನಂತರ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ಈ ಹಾರ್ಮೋನಿನ ಮಟ್ಟ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ, ಹದಿನೈದೇ ದಿನಕ್ಕೆ ಆತುರದಿಂದ ಪರೀಕ್ಷೆ ಮಾಡಿಸಿದರೆ ಸಿಗುವ ಸಂಖ್ಯೆ ದಾರಿ ತಪ್ಪಿಸುತ್ತದೆ.

ನನ್ನ ತಪ್ಪು ನಡೆದದ್ದು ಇದರ ನಂತರದ ಹಂತದಲ್ಲಿ. ಮೊದಲ ಸಲ ಐದನೆಯ ವಾರದಲ್ಲಿ ಮನೆಯಲ್ಲೇ ಪರೀಕ್ಷಿಸಿಕೊಂಡು ಗರ್ಭ ನಿಂತಿದೆಯೆಂದು ತಿಳಿದರೂ, ವೈದ್ಯರ ಭೇಟಿ ಎಂಟನೆಯ ವಾರಕ್ಕೆ ಸಿಕ್ಕಿತೆಂದು ಅದೇ ಹಳೆಯ ಡೋಸಿನಲ್ಲಿ ನಿಶ್ಚಿಂತೆಯಿಂದಿದ್ದೆ. ಆ ಭೇಟಿಯಲ್ಲಿ ಟಿಎಸ್‌ಎಚ್ 6.9 ಇತ್ತು. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜನ್ ಏರಿದಂತೆ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಚ್ಚುತ್ತದೆ, ಹಾಗಾಗಿ ಹಾರ್ಮೋನಿನ ಅಗತ್ಯ ನಾಲ್ಕರಿಂದ ಆರನೆಯ ವಾರದಲ್ಲೇ ಏರತೊಡಗುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು. ಆರೋಗ್ಯವಂತ ಗ್ರಂಥಿ ತಾನಾಗಿಯೇ ಹೆಚ್ಚು ದುಡಿದು ಅದನ್ನು ಸರಿದೂಗಿಸುತ್ತದೆ, ನಮ್ಮಂಥವರ ಗ್ರಂಥಿಗೆ ಆ ಶಕ್ತಿಯಿಲ್ಲ.

ಎರಡನೆಯ ಸಲ ಪ್ರಯತ್ನಕ್ಕೆ ಮೊದಲೇ ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದೆ: ಗರ್ಭ ಖಚಿತವಾದ ದಿನದಿಂದ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ಕೂಡಲೇ ರಕ್ತಪರೀಕ್ಷೆ. ಬುಧವಾರ ಮತ್ತು ಭಾನುವಾರ ಎರಡೆರಡು ನುಂಗುತ್ತಿದ್ದೆ. ಇದು ಸುಮಾರು ಕಾಲು ಭಾಗದಷ್ಟು ಹೆಚ್ಚಳ, ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಕ್ರಮವೇ. ಆದರೂ ನಿಮ್ಮ ಚೀಟಿಯನ್ನು ನಿಮ್ಮ ವೈದ್ಯರೇ ಬರೆಯಬೇಕು. ನಂತರ ಗರ್ಭದ ಅರ್ಧ ಅವಧಿಯವರೆಗೆ ನಾಲ್ಕು ವಾರಕ್ಕೊಮ್ಮೆ, ಮತ್ತೆ 30ನೆಯ ವಾರದ ಆಸುಪಾಸಿನಲ್ಲಿ ಒಮ್ಮೆ ಪರೀಕ್ಷೆಯಾಯಿತು. 75ರಿಂದ ಹೊರಟ ನನ್ನ ಡೋಸು 100ಕ್ಕೆ ಬಂದು ನಿಂತಿತು.

ಮಾತ್ರೆ ನುಂಗುವ ಕ್ರಮವೂ ಡೋಸಿನಷ್ಟೇ ಮುಖ್ಯ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿಯನ್ನೂ ಕುಡಿಯಬಾರದು. ಮಗುವಿಗೆ ಸಿದ್ಧತೆಯೆಂದು ಈಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಆರಂಭಿಸುವುದು ಒಳ್ಳೆಯದು, ಆದರೆ ಅದು ಕಬ್ಬಿಣ ಅಥವಾ ಕ್ಯಾಲ್ಸಿಯಂ ಬೆರೆತ ಮಾತ್ರೆಯಾಗಿದ್ದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ನಾನು ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಒಟ್ಟಿಗೆ ನುಂಗುತ್ತಿದ್ದ ಎರಡು ತಿಂಗಳು, ಡೋಸ್ ಏರಿಸಿದರೂ ಟಿಎಸ್‌ಎಚ್ ಕದಲಲೇ ಇಲ್ಲ. ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ (ನಮ್ಮಲ್ಲಿ ಬಹಳ ಮಂದಿ ತೆಗೆದುಕೊಳ್ಳುತ್ತಾರೆ) ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ಏಕೆಂದರೆ ಕೆಲವು ಪರೀಕ್ಷಾ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯೆಂದು ತೋರಿಸುತ್ತದೆ.

ಟಿಪಿಒ ಪ್ರತಿಕಾಯಗಳ (ದೇಹವು ತನ್ನದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ತಯಾರಿಸುವ ಪ್ರೋಟೀನುಗಳ) ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅದಕ್ಕಾಗಿ ನಿದ್ದೆಗೆಡಬೇಡಿ. ನಾನು ನಿದ್ದೆ ಕೆಟ್ಟಿದ್ದೆ, ಪ್ರಯೋಜನವಾಗಲಿಲ್ಲ. ಅವು ಇರುವವರಲ್ಲಿ ಗರ್ಭಪಾತದ ಸಂಭವ ತುಸು ಹೆಚ್ಚೆಂಬುದು ನಿಜವಾದರೂ, ಈಗಾಗಲೇ ಮಾತ್ರೆಯಲ್ಲಿರುವ ನಿಮಗೆ ಚಿಕಿತ್ಸೆ ಬದಲಾಗುವುದಿಲ್ಲ, ಟಿಎಸ್‌ಎಚ್ ಅನ್ನು ಹದದಲ್ಲಿಡುವುದೇ ದಾರಿ.

ಇದನ್ನು ಓದುವವರಲ್ಲಿ ಯಾರಿಗಾದರೂ ಗ್ರಂಥಿ ಅತಿಯಾಗಿ ದುಡಿಯುವ ಹೈಪರ್‌ಥೈರಾಯ್ಡ್ ಇದ್ದರೆ ಮೇಲಿನದು ಅವರಿಗಲ್ಲ. ಅದಕ್ಕೆ ಕೊಡುವ ಕಾರ್ಬಿಮಜೋಲ್ ಎಂಬ ಔಷಧ ಮೊದಲ ವಾರಗಳಲ್ಲಿ ಭ್ರೂಣದ ಅಂಗರಚನೆಗೆ ಹಾನಿ ಮಾಡಬಲ್ಲದಾದ್ದರಿಂದ, ಅವರು ಪ್ರಯತ್ನಕ್ಕೆ ಮೊದಲೇ ವೈದ್ಯರನ್ನು ಕಂಡು ಔಷಧ ಬದಲಿಸುವ ಬಗ್ಗೆ ಮಾತನಾಡಬೇಕು.

ಹೆರಿಗೆಯಾದ ಮೇಲೆ ಏರಿಸಿದ ಡೋಸ್ ಬೇಕಾಗುವುದಿಲ್ಲ. ನಾನು ಮರುದಿನದಿಂದಲೇ 75ಕ್ಕೆ ಮರಳಿ, ಆರು ವಾರಕ್ಕೆ ಪರೀಕ್ಷೆ ಮಾಡಿಸಿದೆ, ಎದೆಹಾಲು ಕುಡಿಸುವಾಗಲೂ ಮಾತ್ರೆ ಮುಂದುವರಿಯಿತು.