ಪುಣ್ಯಕೋಟಿ ಕರುವಿಗೆ ಹೇಳಿಯೇ ಹೋದಳು

ಓದುಗರ ಪತ್ರ: ‘ಮನೆಯವರ ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡಬೇಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನನ್ನ ಅತ್ತಿಗೆಗೆ ಸ್ತನ ಕ್ಯಾನ್ಸರ್. ಮುಂದಿನ ವಾರ ಕಿಮೋ ಶುರು. ಮಗನಿಗೆ 11 ವರ್ಷ, ಮಗಳಿಗೆ 6. ಮಗಳನ್ನು ಅಜ್ಜಿ ಮನೆಗೆ ಕಳಿಸಿ, ಅಮ್ಮ ಟ್ರೈನಿಂಗ್‌ಗೆ ಹೋಗಿದ್ದಾಳೆ ಅನ್ನುವುದೆಂದು ಹಿರಿಯರು ತೀರ್ಮಾನಿಸಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಮಕ್ಕಳೆದುರು ಎಲ್ಲವನ್ನೂ ಬಿಚ್ಚಿಡುವುದು ಪರದೇಶದವರ ರೀತಿ. ಹೂವಿನಂಥ ಮನಸ್ಸಿಗೆ ಈ ಭಾರ ಯಾಕೆ?’
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ:

ನಿಮ್ಮ ಮನೆಯ ಹಿರಿಯರು ಪ್ರೀತಿಯಿಂದಲೇ ಈ ಮಾತು ಆಡಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಬಯಾಪ್ಸಿ ರಿಪೋರ್ಟನ್ನು ಆರು ವರ್ಷದ ಹುಡುಗಿಗೆ ಓದಿ ಹೇಳಿ ಎಂದು ನಾವೂ ಹೇಳುವುದಿಲ್ಲ. ಆದರೆ ಇದು ಪರದೇಶದ ರೀತಿ ಅಂದಿರಲ್ಲ, ಅದನ್ನು ಒಪ್ಪಲಾರೆವು. ಕನ್ನಡದ ಮಕ್ಕಳೆಲ್ಲ ಕಲಿಯುವ ಗೋವಿನ ಹಾಡನ್ನೇ ನೆನಪಿಸಿಕೊಳ್ಳಿ. ಹುಲಿಗೆ ಮಾತು ಕೊಟ್ಟ ಪುಣ್ಯಕೋಟಿ ದೊಡ್ಡಿಗೆ ಮರಳಿದ್ದು ಕರುವಿಗೆ ಹಾಲೂಡಿಸಲು ಮಾತ್ರವೇ? ತಾನು ಹೋಗುತ್ತಿರುವುದು ಎಲ್ಲಿಗೆ ಎಂದು ಅದಕ್ಕೆ ಹೇಳುತ್ತಾಳೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳಿದಾಗ ಮಾತು ಮರೆಸುವುದಿಲ್ಲ. ಉಳಿದ ಹಸುಗಳನ್ನು ಕರೆದು, ಇದನ್ನು ನಿಮ್ಮ ಕಂದನೆಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತಾಳೆ. ಟ್ರೈನಿಂಗ್‌ಗೆ ಹೋಗುತ್ತೇನೆ ಅನ್ನಲಿಲ್ಲ.

ಕಾಯಿಲೆ ಇರುವ ಮನೆಯ ಮಕ್ಕಳ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಸುತ್ತುತ್ತಿರುತ್ತವೆ. ಇದು ನನ್ನಿಂದ ಬಂತಾ? ನನಗೂ ಅಂಟುತ್ತಾ? ನನ್ನನ್ನು ನೋಡಿಕೊಳ್ಳೋರು ಯಾರು? ಕರು ಕೇಳಿದ್ದು ಮೂರನೆಯದನ್ನು. ನಿಮ್ಮ ಅತ್ತಿಗೆಯ ಮಗಳನ್ನು ಹೆಚ್ಚು ಕಾಡುವುದು ಬಹುಶಃ ಮೊದಲನೆಯದು. ಆರರ ವಯಸ್ಸಿನಲ್ಲಿ, ತಾನು ಸಿಟ್ಟಿನಿಂದ ಅಂದದ್ದು ನಿಜವಾಗಿಬಿಡುತ್ತದೆ ಎಂದು ಮಗು ನಂಬುತ್ತದೆ. ‘ಅಮ್ಮ ಬೇಡ’ ಎಂದು ಹಟ ಮಾಡಿದ ಮರುವಾರವೇ ಅಮ್ಮ ಕಾಣೆಯಾದರೆ ಲೆಕ್ಕ ತನ್ನ ಮೇಲೇ ಬರುತ್ತದೆ. ಆ ಲೆಕ್ಕವನ್ನು ಅವಳು ಯಾರಿಗೂ ಹೇಳುವುದಿಲ್ಲ.

ಮಗುವಿಗೆ ಗೊತ್ತಿಲ್ಲ ಅನ್ನುವುದು ದೊಡ್ಡವರ ಭ್ರಮೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ರಕ್ತ ಕ್ಯಾನ್ಸರ್‌ನ ಚಿಕ್ಕ ಮಕ್ಕಳ ನಡುವೆ ಆಸ್ಪತ್ರೆಯಲ್ಲಿ ಕಾಲ ಕಳೆದು 1978ರಲ್ಲಿ ಬರೆದದ್ದು ಇದನ್ನೇ. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಾವು ಸಾಯುತ್ತಿದ್ದೇವೆಂದು ಗೊತ್ತಿತ್ತು. ಅಪ್ಪ ಅಮ್ಮ ಅಳಬಾರದೆಂದು ಗೊತ್ತಿಲ್ಲದವರಂತೆ ಇದ್ದುಬಿಟ್ಟಿದ್ದರು. ಸ್ವೀಡನ್ನಿನಲ್ಲಿ ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಗುವಿನೊಡನೆ ಸಾವಿನ ಬಗ್ಗೆ ಮಾತಾಡಿದ್ದ 147 ಜನರಲ್ಲಿ ಒಬ್ಬರೂ ಪಶ್ಚಾತ್ತಾಪಪಡಲಿಲ್ಲ. ಮಾತಾಡದಿದ್ದ 258 ಜನರಲ್ಲಿ 69 ಮಂದಿ ಪಟ್ಟರು.

ಇನ್ನು ಹೇಳುವ ಬಗೆ. ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಅಮ್ಮನೇ ಹೇಳಲಿ, ಅಪ್ಪ ಪಕ್ಕದಲ್ಲಿರಲಿ. ಐದು ನಿಮಿಷ ಸಾಕು. ‘ಅಮ್ಮನ ಎದೆಯಲ್ಲಿ ಒಂದು ಗಂಟು ಬೆಳೆದಿದೆ. ಅದರ ಹೆಸರು ಕ್ಯಾನ್ಸರ್. ನೀನು ಮಾಡಿದ್ದರಿಂದ ಬಂದಿದ್ದಲ್ಲ, ಮುಟ್ಟಿದರೆ ಅಂಟಲ್ಲ. ಡಾಕ್ಟರು ಔಷಧಿ ಕೊಡ್ತಾರೆ.’ ಹೆಸರನ್ನು ಹೇಳಲೇಬೇಕು. ಬರೀ ‘ಹುಷಾರಿಲ್ಲ’ ಅಂದರೆ, ನಾಳೆ ಅಪ್ಪನಿಗೆ ನೆಗಡಿಯಾಗಿ ‘ಹುಷಾರಿಲ್ಲ’ ಅಂದಾಗಲೂ ಅವಳು ಹೆದರಿ ನಡುಗುತ್ತಾಳೆ. ‘ಅಮ್ಮ ಸಾಯ್ತಾಳಾ?’ ಎಂದು ಕೇಳಬಹುದು. ‘ಛೆ, ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸಬೇಡಿ, ಭಾಷೆಯನ್ನೂ ಕೊಡಬೇಡಿ. ‘ವಾಸಿಯಾಗಲಿ ಅಂತಲೇ ಔಷಧಿ ಕೊಡ್ತಿರೋದು. ಏನಾದ್ರೂ ಬದಲಾದ್ರೆ ನಿನಗೆ ಹೇಳ್ತೀವಿ’ ಅನ್ನಿ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾಳೆ, ಹತ್ತು ಸಲವೂ ಅದೇ ಮಾತಿನಲ್ಲಿ ಉತ್ತರಿಸಿ. ಕೇಳಿದ ಮರುಕ್ಷಣ ಆಟಕ್ಕೆ ಓಡಿದರೆ ಅರ್ಥವಾಗಿಲ್ಲವೆಂದು ತಿಳಿಯಬೇಡಿ. ಮಕ್ಕಳು ದುಃಖವನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ.

ಕಣ್ಣಿಗೆ ಬೀಳುವುದನ್ನೆಲ್ಲ ಮೊದಲೇ ಹೇಳಿಡಿ. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಅದನ್ನು ಕೊಟ್ಟ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗಿರುತ್ತದೆ. ಹೇಳದಿದ್ದರೆ ಬಚ್ಚಲಿನಲ್ಲಿ ಕಂಡ ಮಗು ರಕ್ತವೆಂದೇ ತಿಳಿಯುತ್ತದೆ. ಮೊದಲ ಕಿಮೋ ಆಗಿ ಎರಡು-ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆ. ಅಷ್ಟರೊಳಗೆ ಗಿಡ್ಡ ಕತ್ತರಿಸುವುದಾದರೆ ಮಗಳು ಜೊತೆಗಿರಲಿ. ಔಷಧಿಯಾದ ಒಂದೆರಡು ವಾರದೊಳಗೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ಬಹಳ ಇಳಿಯುತ್ತದೆ. ಆ ದಿನಗಳಲ್ಲಿ ಮಗುವಿಗೆ ಶೀತವಿದ್ದರೆ ದೂರವಿಡಿ, ಕಾರಣವನ್ನೂ ತಿಳಿಸಿ. ಇಲ್ಲದಿದ್ದರೆ ಅಮ್ಮನಿಗೆ ನಾನು ಬೇಡವಾದೆ ಅಂದುಕೊಳ್ಳುತ್ತಾಳೆ. ಶೀತವಿಲ್ಲದಾಗ ಕೈ ತೊಳೆದು ಬಂದರೆ ತಬ್ಬಿಕೊಳ್ಳಬಹುದು.

ಹುಡುಗ ಮೊಬೈಲಿನಲ್ಲಿ ಆಗಲೇ ಹುಡುಕಿರುತ್ತಾನೆ. ಏನು ಓದಿದೆ ಎಂದು ಕೇಳಿ, ಕೂತು ತಿದ್ದಿ. ಅಮ್ಮನಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಹೊರಡುತ್ತೀರಿ, ಆಗ ಪಕ್ಕದ ಮನೆಯ ಯಾರು ಬಂದು ಮಕ್ಕಳ ಜೊತೆ ಮಲಗುತ್ತಾರೆ ಎಂಬುದು ಅವನಿಗೆ ಗೊತ್ತಿರಲಿ. ‘ಇನ್ನು ನೀನೇ ಮನೆಗೆ ಗಂಡಸು’ ಎಂಬ ಮಾತನ್ನು ದಯವಿಟ್ಟು ಯಾರೂ ಆಡಬೇಡಿ. ಆ ನೊಗ ಹನ್ನೊಂದರ ಹೆಗಲಿಗಲ್ಲ.

ನಮ್ಮ ಸಿಟ್ಟಿರುವುದು ನಿಮ್ಮ ಹಿರಿಯರ ಮೇಲಲ್ಲ, ಇಡೀ ಪರಿಪಾಠದ ಮೇಲೆ. ಕಾಯಿಲೆ ಮಗುವಿನದೇ ಆದಾಗಲೂ ಡಾಕ್ಟರು, ಅಪ್ಪ, ಮಾವ ಎಲ್ಲರೂ ಅದರ ತಲೆಯ ಮೇಲಿಂದಲೇ ಮಾತಾಡುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಸೂಜಿಗೇ ‘ಏನೂ ನೋಯಲ್ಲ’ ಎಂದು ಸುಳ್ಳು ಹೇಳಿದರೆ ಉಳಿದ ನೂರು ಸೂಜಿಗೆ ನಂಬಿಕೆ ಎಲ್ಲಿಂದ ತರುವುದು? ಚರ್ಮ ಮರಗಟ್ಟಿಸುವ ಮುಲಾಮು ಇದೆ, ಒಂದು ಗಂಟೆ ಮೊದಲು ದಪ್ಪಗೆ ಹಚ್ಚಿ ಮೇಲೆ ಪಟ್ಟಿ ಅಂಟಿಸಬೇಕು. ಗಡಿಬಿಡಿಯಲ್ಲಿ ಹತ್ತು ನಿಮಿಷ ಮೊದಲು ಹಚ್ಚುತ್ತಾರೆ, ಅದು ಒಳಗಿಳಿದಿರುವುದಿಲ್ಲ, ಮಗು ಕಿರುಚುತ್ತದೆ. ‘ಹಟಮಾರಿ’ ಎಂಬ ಹೆಸರು ಮಾತ್ರ ಮಗುವಿಗೆ.

ಸಾವಿನ ಮನೆಯಲ್ಲಂತೂ ಮಕ್ಕಳನ್ನು ಮೊದಲು ಸಾಗಹಾಕುವುದೇ ರೂಢಿ. ನಿಮ್ಮ ಅತ್ತಿಗೆಯ ಮಕ್ಕಳಿಗೆ ಈ ಮಾತು ಬೇಕಾಗದಿರಲಿ, ಬೇರೆ ಓದುಗರಿಗಾಗಿ ಹೇಳುತ್ತಿದ್ದೇವೆ. ‘ಅಜ್ಜ ಮಲಗಿದ್ದಾರೆ’ ಅಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. ‘ಊರಿಗೆ ಹೋಗಿದ್ದಾರೆ’ ಅಂದರೆ ದಿನಾ ಬಾಗಿಲು ಕಾಯುತ್ತದೆ. ಸತ್ತರು, ಉಸಿರಾಟ ನಿಂತಿತು, ಅವರಿಗಿನ್ನು ನೋವಾಗಲ್ಲ, ಹಸಿವಾಗಲ್ಲ, ತಿರುಗಿ ಬರಲ್ಲ ಎಂದು ಹೇಳಿ. ಹೆಣ ನೋಡುತ್ತೀಯಾ ಎಂದು ಮಗುವನ್ನೇ ಕೇಳಿ. ಬರುತ್ತೇನೆ ಅಂದರೆ ಅಲ್ಲಿ ಏನೇನು ಕಾಣುತ್ತದೆ, ಯಾರು ಹೇಗೆ ಅಳುತ್ತಾರೆ ಎಂದು ತಿಳಿಸಿ ಕರೆದೊಯ್ಯಿರಿ. ಜೊತೆಗೆ ಒಬ್ಬರು ದೊಡ್ಡವರಿರಲಿ, ಮಗು ಸಾಕು ಅಂದ ಕೂಡಲೇ ಹೊರಗೆ ಕರೆತರುವುದೊಂದೇ ಅವರ ಕೆಲಸ.

ನಿಮ್ಮ ಅತ್ತಿಗೆಯ ಮಗಳನ್ನು ಅಜ್ಜಿ ಮನೆಗೆ ಕಳಿಸಬೇಡಿ, ಅಜ್ಜಿಯನ್ನೇ ಕರೆಸಿಕೊಳ್ಳಿ. ಕಿಮೋ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಗುರುತು ಹಾಕಿಸಿ. ಆ ದಿನಗಳಂದು ಶಾಲೆಯಿಂದ ಕರೆತರುವವರು ಯಾರು, ಬೆಳಿಗ್ಗೆ ಜಡೆ ಹಾಕುವವರು ಯಾರು ಎಂದು ಶನಿವಾರ ರಾತ್ರಿಯೇ ನೀವು ದೊಡ್ಡವರು ಕೂತು ಗೊತ್ತುಮಾಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಅವಳು ಮೊದಲು ಕೇಳುವುದು ಜಡೆಯ ವಿಷಯವನ್ನೇ ಇರಬಹುದು.